ಸಬ್‌ನೆಟ್ ಹುಟ್ಟಿದ ಸುದ್ದಿ ರೂಟರ್‌ಗೆ ತಲುಪುವುದು ಹೇಗೆ? ವರ್ಚುವಲ್ ನೆಟ್‌ವರ್ಕ್‌ಗಳಲ್ಲಿ ಡೈನಾಮಿಕ್ ರೂಟಿಂಗ್

ವರ್ಚುವಲ್ ಮೆಷಿನ್‌ಗಳ (ವಿಎಂ, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್) ಜೊತೆ ಕೆಲಸ ಮಾಡುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಈ ತೊಂದರೆಗೆ ಸಿಕ್ಕುತ್ತಾರೆ. ಸರ್ವರ್ ಒಳಗೆ ಹೊಸ ಸಬ್‌ನೆಟ್, ಅಂದರೆ ಐಪಿ ವಿಳಾಸಗಳ ಒಂದು ಗುಂಪು, ಮಾಡಿದ್ದಾಯಿತು. ಅದರಲ್ಲಿ ನಾಲ್ಕು ವಿಎಂಗಳು ಓಡುತ್ತಿವೆ. ಒಂದರಿಂದ ಇನ್ನೊಂದಕ್ಕೆ ಪಿಂಗ್ ಹೋಗುತ್ತದೆ, ಗೇಟ್‌ವೇಗೂ ಹೋಗುತ್ತದೆ. ಆದರೆ ಪಕ್ಕದ ಕಟ್ಟಡದ ಕಂಪ್ಯೂಟರ್‌ನಿಂದ ಪಿಂಗ್ ಮಾಡಿದರೆ ಉತ್ತರವೇ ಇಲ್ಲ. ಫೈರ್‌ವಾಲ್ ಆಫ್ ಮಾಡಿ ನೋಡುತ್ತಾರೆ, ಕೇಬಲ್ ಬದಲಿಸುತ್ತಾರೆ, ವಿಎಂ ರೀಸ್ಟಾರ್ಟ್ ಮಾಡುತ್ತಾರೆ. ಯಾವುದೂ ಕೆಲಸಕ್ಕೆ ಬರುವುದಿಲ್ಲ. ಕಾರಣ ತುಂಬಾ ಸರಳ. ಹೊರಗಿನ ರೂಟರ್‌ಗೆ ಅಂಥದ್ದೊಂದು ಸಬ್‌ನೆಟ್ ಇದೆ ಅನ್ನೋದೇ ಗೊತ್ತಿಲ್ಲ. ಅದಕ್ಕೆ ಯಾರೂ ಹೇಳಿಲ್ಲ.

ಹಾಗೆ ಹೇಳುವ ಕೆಲಸವನ್ನು ಮೆಷಿನ್‌ಗಳಿಗೇ ಒಪ್ಪಿಸುವುದು ಡೈನಾಮಿಕ್ ರೂಟಿಂಗ್. ಇದನ್ನು ಆನ್ ಮಾಡುವುದು ಕಷ್ಟವಲ್ಲ, ಹತ್ತು ಹದಿನೈದು ಸಾಲಿನ ಕಾನ್ಫಿಗ್ ಸಾಕು. ಕಷ್ಟ ಇರುವುದು ಬೇರೆ ಕಡೆ. ಒಂದು ಸಬ್‌ನೆಟ್ ಅಡ್ವರ್ಟೈಸ್ ಮಾಡುವುದು ಅಂದರೆ "ಈ ವಿಳಾಸಕ್ಕೆ ಬಂದದ್ದನ್ನೆಲ್ಲ ನನ್ನ ಹತ್ತಿರ ಕಳಿಸಿ, ನಾನು ಮುಟ್ಟಿಸುತ್ತೇನೆ" ಅಂತ ಮಾತು ಕೊಡುವುದು. ಯಾವ ಮಾತು ಕೊಡಬೇಕು, ಯಾವುದನ್ನು ಕೊಡಬಾರದು, ನಡೆಸಿಕೊಡಲು ಆಗದಾಗ ಅದನ್ನು ಹೇಗೆ ವಾಪಸ್ ತಗೋಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು. ಪ್ರೋಟೋಕಾಲ್ ತೀರ್ಮಾನಿಸುವುದಿಲ್ಲ. ಈ ಲೇಖನ ಹೆಚ್ಚಾಗಿ ಅದರ ಬಗ್ಗೆಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ವಿದ್ಯಾಸಂಸ್ಥೆ. ದಾವಣಗೆರೆಯಲ್ಲಿ ಮುಖ್ಯ ಕ್ಯಾಂಪಸ್, ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ಇನ್ನೊಂದು. ನಡುವೆ ಒಂದು ಲೀಸ್ಡ್ ಲೈನ್. ಎರಡೂ ಕಡೆ ಒಂದೊಂದು ಕ್ಯಾಂಪಸ್ ರೂಟರ್, ಅದರ ಹಿಂದೆ ಲಿನಕ್ಸ್ ಮೇಲೆ ಕೆವಿಎಂ (ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್, ಇಂಥದ್ದಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ) ಓಡಿಸುವ ಎರಡು ಮೂರು ಸರ್ವರ್‌ಗಳು. ಇಂಟರ್ನೆಟ್ ಸಂಪರ್ಕ ಇರುವುದು ದಾವಣಗೆರೆಯಲ್ಲಿ ಮಾತ್ರ. ನಮ್ಮ ಕಡೆಯ ಎಷ್ಟೋ ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳಲ್ಲಿ ಹೆಚ್ಚುಕಡಿಮೆ ಇಂಥದ್ದೇ ವ್ಯವಸ್ಥೆ ಇರುತ್ತದೆ ಅಲ್ವಾ?

ಸರ್ವರ್ ಒಳಗಿನ ವರ್ಚುವಲ್ ನೆಟ್‌ವರ್ಕ್ ಅಂದರೆ ನಿಜಕ್ಕೂ ಏನು? ಲಿನಕ್ಸ್‌ನಲ್ಲಿ ಅದೊಂದು ಸಾಫ್ಟ್‌ವೇರ್ ಬ್ರಿಡ್ಜ್. ವಿಎಂಗಳ ನೆಟ್‌ವರ್ಕ್ ಕಾರ್ಡ್‌ಗಳೆಲ್ಲ ಆ ಬ್ರಿಡ್ಜ್‌ಗೆ ಸಿಕ್ಕಿಸಿರುತ್ತವೆ. ಬ್ರಿಡ್ಜ್‌ಗೆ ಒಂದು ಐಪಿ ಇರುತ್ತದೆ, ವಿಎಂಗಳಿಗೆ ಅದೇ ಗೇಟ್‌ವೇ. ಅಂದರೆ ಸರ್ವರ್ರೇ ಒಂದು ರೂಟರ್ ಆಗಿಬಿಟ್ಟಿದೆ. ಹೊರಗಿನ ಸ್ವಿಚ್‌ಗೂ ರೂಟರ್‌ಗೂ ಕಾಣುವುದು ಸರ್ವರ್‌ನ ಹೊರಗಿನ ಐಪಿ ಮಾತ್ರ. ಒಳಗೆ ಒಂದು ಸಬ್‌ನೆಟ್ ಇದೆಯೋ ಹತ್ತಿವೆಯೋ ಅವಕ್ಕೆ ತಿಳಿಯುವುದಿಲ್ಲ.

ಇದಕ್ಕೆ ಎಲ್ಲರೂ ಮೊದಲು ಮಾಡುವ ಉಪಾಯ ನ್ಯಾಟ್, ಅಂದರೆ ಪ್ಯಾಕೆಟ್‌ನ ವಿಳಾಸ ಬದಲಿಸಿ ಕಳಿಸುವುದು. ವಿಎಂನಿಂದ ಹೊರಗೆ ಹೋಗುವ ಪ್ಯಾಕೆಟ್ ಸರ್ವರ್‌ನ ಐಪಿ ಹೊತ್ತುಕೊಂಡು ಹೋಗುತ್ತದೆ, ಉತ್ತರ ಸರಿಯಾಗಿ ಬರುತ್ತದೆ. ಆದರೆ ಹೊರಗಿನಿಂದ ಯಾರೂ ಆ ವಿಎಂ ಅನ್ನು ಹುಡುಕಿಕೊಂಡು ಬರಲಾಗದು. ಲಾಗ್ ತೆಗೆದು ನೋಡಿದರೆ ಮೂವತ್ತು ವಿಎಂಗಳೂ ಒಂದೇ ವಿಳಾಸದಲ್ಲಿ ಕಾಣುತ್ತವೆ. ಯಾವ ಲ್ಯಾಬ್‌ನಿಂದ ಏನು ಹೋಯಿತು ಎಂದು ಹೇಳಲಾಗುವುದಿಲ್ಲ. ಒಬ್ಬರೇ ಕಲಿಯಲು ನ್ಯಾಟ್ ಸಾಕು. ಹತ್ತು ಜನ ನಂಬಿಕೊಂಡಿರುವ ಸೇವೆಗೆ ಸಾಲದು.

ಎರಡನೆಯದು ಸ್ಟ್ಯಾಟಿಕ್ ರೂಟ್. "ಈ ಸಬ್‌ನೆಟ್ ಬೇಕಾದರೆ ಆ ಸರ್ವರ್‌ಗೆ ಕಳಿಸು" ಎಂದು ಕ್ಯಾಂಪಸ್ ರೂಟರ್‌ನಲ್ಲಿ ಕೈಯಿಂದ ಬರೆಯುವುದು. ಇದರಲ್ಲಿ ತಪ್ಪೇನಿಲ್ಲ. ಸಬ್‌ನೆಟ್ ಎರಡೋ ಮೂರೋ ಇದ್ದು, ವರ್ಷಗಟ್ಟಲೆ ಕದಲುವುದಿಲ್ಲ ಎಂದಾದರೆ ಇದೇ ಒಳ್ಳೆಯದು. ಸುಮ್ನೆ ಬಿಜಿಪಿಯಂಥ ಡೈನಾಮಿಕ್ ರೂಟಿಂಗ್ ಪ್ರೋಟೋಕಾಲ್ ಹಾಕಬೇಡಿ. ಆದರೆ ವರ್ಚುವಲ್ ಜಗತ್ತಿನಲ್ಲಿ ಸಬ್‌ನೆಟ್ ಹುಟ್ಟಲು ಅರ್ಧ ನಿಮಿಷ ಸಾಕು, ಸಾಯಲು ಅದೂ ಬೇಡ. ಇವತ್ತು ಮೊದಲನೇ ಸರ್ವರ್‌ನಲ್ಲಿರುವುದು ನಾಳೆ ಎರಡನೆಯದಕ್ಕೆ ಹೋಗುತ್ತದೆ. ಪ್ರತಿ ಸಲವೂ ದಾವಣಗೆರೆ ರೂಟರ್, ಚಿತ್ರದುರ್ಗದ ರೂಟರ್, ಫೈರ್‌ವಾಲ್ ಮೂರೂ ಕಡೆ ತಿದ್ದಬೇಕು. ಒಂದು ಕಡೆ ಮರೆತರೆ ಮುಗಿಯಿತು.

ದಾವಣಗೆರೆ ಬಸ್ ನಿಲ್ದಾಣದಲ್ಲಿ ಗೋಡೆಯ ಮೇಲೆ ಬರೆದ ವೇಳಾಪಟ್ಟಿ ಇರುತ್ತದೆ, ಬಸ್ಸಿನ ಬಾಗಿಲಲ್ಲಿ ನಿಂತು "ಚಿತ್ರದುರ್ಗ, ಹಿರಿಯೂರು, ತುಮಕೂರು" ಅಂತ ಕೂಗುವ ಕಂಡಕ್ಟರ್ ಕೂಡ ಇರುತ್ತಾರೆ. ಬಸ್ ಕೆಟ್ಟು ಡಿಪೋದಲ್ಲಿ ನಿಂತರೂ ಗೋಡೆಯ ಮೇಲಿನ ಬರಹ ಬದಲಾಗುವುದಿಲ್ಲ. ಕಂಡಕ್ಟರ್ ಮಾತ್ರ ಬಸ್ ಹೊರಡುವುದಿದ್ದರೆ ಕೂಗುತ್ತಾರೆ, ಇಲ್ಲದಿದ್ದರೆ ಇಲ್ಲ. ಸ್ಟ್ಯಾಟಿಕ್ ರೂಟ್‌ಗೂ ಡೈನಾಮಿಕ್ ರೂಟ್‌ಗೂ ಇರುವ ವ್ಯತ್ಯಾಸ ಇಷ್ಟೇ.

ಓಎಸ್‌ಪಿಎಫ್ ಬೇಕೋ ಬಿಜಿಪಿ ಬೇಕೋ?

ರೂಟರ್‌ಗಳು ದಾರಿಗಳ ಸುದ್ದಿ ಹಂಚಿಕೊಳ್ಳಲು ಬಳಸುವ ಎರಡು ಪ್ರೋಟೋಕಾಲ್‌ಗಳು ಇವು, ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ. ಓಎಸ್‌ಪಿಎಫ್ ಹಾಕುವುದು ಸುಲಭ, ಅದರ ಎರಡನೇ ಆವೃತ್ತಿಯ ಇಂದಿನ ರೂಪ 1998ರಿಂದ ಇದೆ. ಒಂದು ಏರಿಯಾದ, ಅಂದರೆ ಒಂದು ಗುಂಪಿನ, ರೂಟರ್‌ಗಳೆಲ್ಲ ಒಂದೇ ನಕ್ಷೆ ಹಂಚಿಕೊಂಡು, ತಮ್ಮ ತಮ್ಮ ದಾರಿಯನ್ನು ತಾವೇ ಲೆಕ್ಕ ಹಾಕುತ್ತವೆ. ನಕ್ಷೆ ಎಲ್ಲರಲ್ಲೂ ಒಂದೇ ಆಗಿರಲೇಬೇಕು. ಹಾಗಾಗಿ "ಈ ಸರ್ವರ್ ಹೇಳಿದ್ದರಲ್ಲಿ ಇಷ್ಟನ್ನು ಮಾತ್ರ ನಂಬುತ್ತೇನೆ" ಎಂದು ಏರಿಯಾದ ಒಳಗೆ ಸೋಸಲು ಸರಿಯಾದ ಜಾಗವೇ ಇಲ್ಲ. ನಮ್ಮದೇ ಕೈಯಲ್ಲಿರುವ, ನಾವೇ ನಂಬುವ ರೂಟರ್‌ಗಳ ನಡುವೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಹೈಪರ್‌ವೈಸರ್ ಅಂಥ ಜಾಗವಲ್ಲ. ಅಲ್ಲಿ ವಿದ್ಯಾರ್ಥಿಗಳು ಪ್ರಯೋಗ ಮಾಡುತ್ತಾರೆ, ಹೊಸ ಬ್ರಿಡ್ಜ್ ಹುಟ್ಟಿಸುತ್ತಾರೆ, ಯಾವುದೋ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದಾಗ ಅದು ತನ್ನದೇ ನೆಟ್‌ವರ್ಕ್ ತಂದು ಕೂರಿಸುತ್ತದೆ. ಅದಕ್ಕೇ ನಾನು ಬಿಜಿಪಿ ಪರ. ಬಿಜಿಪಿ ಮೊದಲಿನಿಂದಲೂ ಒಬ್ಬರನ್ನೊಬ್ಬರು ಪೂರ್ತಿ ನಂಬದವರ ನಡುವಿನ ಮಾತುಕತೆಗೆ ಬಳಕೆಯಾದ ಪ್ರೋಟೋಕಾಲ್. 1989ರಲ್ಲಿ ಕರ್ಕ್ ಲೌಹೀಡ್ ಮತ್ತು ಯಾಕೊವ್ ರೆಖ್ಟರ್ ಊಟದ ಹೊತ್ತಿನಲ್ಲಿ ಇದರ ಮೊದಲ ರೂಪವನ್ನು ಕಾಗದದ ನ್ಯಾಪ್‌ಕಿನ್‌ಗಳ ಮೇಲೆ ಬರೆದರು. ಇಂದು ಇಡೀ ಇಂಟರ್ನೆಟ್‌ನ ಹತ್ತು ಲಕ್ಷದ ಆಸುಪಾಸಿನ ಐಪಿವಿ4 ಪ್ರಿಫಿಕ್ಸ್‌ಗಳು (ವಿಳಾಸಗಳ ಗುಂಪುಗಳು) ಅದರ ನಾಲ್ಕನೇ ಆವೃತ್ತಿಯ ಮೇಲೆ ನಡೆಯುತ್ತವೆ. ಪ್ರತಿ ನೇಬರ್‌ಗೂ (ಬಿಜಿಪಿಯಲ್ಲಿ ಮಾತಾಡುವ ಎದುರಿನ ರೂಟರ್), ಹೋಗುವ ಬರುವ ಎರಡೂ ದಿಕ್ಕಿಗೂ ಬೇರೆ ಬೇರೆ ನಿಯಮ ಬರೆಯಬಹುದು. ನಮಗೆ ಬೇಕಾದದ್ದೂ ಅದೇ. ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಒಳಗಡೆಯೂ ಬಿಜಿಪಿಯನ್ನೇ ಬಳಸುವ ಪದ್ಧತಿಯನ್ನು ವಿವರಿಸುವ ಆರ್‌ಎಫ್‌ಸಿ 7938 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಬಂದದ್ದು 2016ರಲ್ಲಿ.

ಮೊದಲು ವಿಳಾಸ, ಆಮೇಲೆ ಪ್ರೋಟೋಕಾಲ್

ಕಾನ್ಫಿಗ್ ಬರೆಯುವ ಮೊದಲು ಒಂದು ಹಾಳೆ ತಗೊಂಡು ವಿಳಾಸಗಳ ಯೋಜನೆ ಬರೆಯಿರಿ. ಯಾವ ಕ್ಯಾಂಪಸ್‌ಗೆ ಯಾವ ದೊಡ್ಡ ತುಂಡು, ಅದರಲ್ಲಿ ಯಾವ ಲ್ಯಾಬ್‌ಗೆ ಯಾವ ಚಿಕ್ಕ ತುಂಡು ಎಂದು ಮೊದಲೇ ಗೊತ್ತಿರಬೇಕು. ಕಂಡ ಕಂಡ ಕಡೆ 192.168.1 ಹಾಕಿಕೊಂಡು ಬಂದವರಿಗೆ ಡೈನಾಮಿಕ್ ರೂಟಿಂಗ್‌ನಿಂದ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಒಂದೇ ಸಬ್‌ನೆಟ್ಟನ್ನು ಎರಡು ಕಡೆಯಿಂದ ಅಡ್ವರ್ಟೈಸ್ ಮಾಡಿದರೆ ರೂಟರ್ ಅದರಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. ಇನ್ನೊಂದು ಕಡೆಯವರಿಗೆ ಉತ್ತರ ಬರುವುದು ನಿಂತುಹೋಗುತ್ತದೆ.

ನೆನಪಿಟ್ಟುಕೊಳ್ಳಲು ನಮ್ಮ ಗಾಡಿಗಳ ನಂಬರ್ ಪ್ಲೇಟ್ ಸಾಕು. ದಾವಣಗೆರೆ ಕೆಎ 17, ಚಿತ್ರದುರ್ಗ ಕೆಎ 16. ಹಾಗಾಗಿ ದಾವಣಗೆರೆ ಕ್ಯಾಂಪಸ್‌ಗೆ 10.17.0.0/16, ಚಿತ್ರದುರ್ಗಕ್ಕೆ 10.16.0.0/16 ಕೊಡೋಣ. ಓರೆಗೆರೆಯ ನಂತರದ ಸಂಖ್ಯೆ ಪ್ರಿಫಿಕ್ಸ್‌ನ ಉದ್ದ, ಅದು ಹೆಚ್ಚಿದಷ್ಟೂ ತುಂಡು ಚಿಕ್ಕದು. ಪ್ರತಿಯೊಂದರಲ್ಲೂ 256 ಸಬ್‌ನೆಟ್‌ಗಳು, /24 ಅಳತೆಯವು, ಸಿಗುತ್ತವೆ. ಲೈಬ್ರರಿ ಸರ್ವರ್‌ಗಳು 10.17.1.0/24, ಕಂಪ್ಯೂಟರ್ ಸೈನ್ಸ್ ಲ್ಯಾಬ್ 10.17.20.0/24, ಚಿತ್ರದುರ್ಗದ ಪರೀಕ್ಷಾ ವಿಭಾಗ 10.16.5.0/24. ಲಾಗ್‌ನಲ್ಲಿ ವಿಳಾಸ ಕಂಡ ಕೂಡಲೇ ಯಾವ ಊರು ಎಂದು ಹೇಳಬಹುದು.

ಇಲ್ಲಿ ಇನ್ನೊಂದು ಅನುಕೂಲವಿದೆ. 16 ಸಮಸಂಖ್ಯೆ, ಅದರ ಪಕ್ಕದ್ದು 17. ಹಾಗಾಗಿ ಎರಡೂ ಸೇರಿ 10.16.0.0/15 ಎಂಬ ಒಂದೇ ಪ್ರಿಫಿಕ್ಸ್ ಒಳಗೆ ಕೂರುತ್ತವೆ. ಮುಂದೊಂದು ದಿನ ಬೆಂಗಳೂರಿನ ಕಚೇರಿಗೆ ಲಿಂಕ್ ಬಂದರೆ ಅಲ್ಲಿಗೆ ಎರಡೂ ಕ್ಯಾಂಪಸ್‌ಗಳನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ದಾವಣಗೆರೆಯ ಜೊತೆ ಚಿಕ್ಕಮಗಳೂರು, ಅಂದರೆ 17 ಮತ್ತು 18, ಆಗಿದ್ದರೆ ಹೀಗೆ ಒಂದೇ /15 ಆಗುತ್ತಿರಲಿಲ್ಲ. 17 ಒಂದು ಜೋಡಿಯ ಕೊನೆ, 18 ಇನ್ನೊಂದು ಜೋಡಿಯ ಶುರು. ಪ್ರಿಫಿಕ್ಸ್ ಸೇರಿಸುವಾಗ ಅಕ್ಕಪಕ್ಕದ ಸಂಖ್ಯೆ ಆದರೆ ಸಾಲದು, ಸರಿಯಾದ ಜಾಗದಿಂದ ಶುರುವಾಗಬೇಕು.

ಬಿಜಿಪಿಗೆ ಎಎಸ್ ನಂಬರ್, ಅಂದರೆ ಮಾತಾಡುವವರ ಗುರುತಿನ ಸಂಖ್ಯೆ, ಕೂಡ ಬೇಕು. ಖಾಸಗಿ ಬಳಕೆಗೆ 64512ರಿಂದ 65534ರವರೆಗೆ ಬಿಟ್ಟಿದ್ದಾರೆ, ಯಾರನ್ನೂ ಕೇಳಬೇಕಾಗಿಲ್ಲ. ದಾವಣಗೆರೆ ಕ್ಯಾಂಪಸ್ ರೂಟರ್‌ಗೆ 65017, ಚಿತ್ರದುರ್ಗದ್ದಕ್ಕೆ 65016. ದಾವಣಗೆರೆಯ ಸರ್ವರ್‌ಗಳಿಗೆ 65171, 65172. ಪ್ರತಿ ಸರ್ವರ್‌ಗೂ ಬೇರೆ ನಂಬರ್ ಕೊಡಿ. ಇಬ್ಬರಿಗೂ ಒಂದೇ ನಂಬರ್ ಕೊಟ್ಟರೆ, ಮೊದಲ ಸರ್ವರ್‌ನ ರೂಟ್ ಕ್ಯಾಂಪಸ್ ರೂಟರ್ ಮೂಲಕ ಎರಡನೆಯದಕ್ಕೆ ಬಂದಾಗ, ಅದು ದಾರಿಯಲ್ಲಿ ತನ್ನದೇ ನಂಬರ್ ನೋಡಿ "ಇದು ಸುತ್ತಿಕೊಂಡು ಬಂದದ್ದು" ಎಂದು ಬಿಸಾಕುತ್ತದೆ. ಬಿಜಿಪಿ ಲೂಪ್ ತಡೆಯುವುದೇ ಹಾಗೆ. ಗೊತ್ತಿಲ್ಲದವರಿಗೆ ಇದು ದಿನಗಟ್ಟಲೆ ತಲೆ ತಿನ್ನುವ ವಿಷಯ.

ಏನನ್ನು ಅಡ್ವರ್ಟೈಸ್ ಮಾಡಬೇಕು

ಲಿನಕ್ಸ್ ಸರ್ವರ್ ಮೇಲೆ ಬಿಜಿಪಿ ಮಾತಾಡಲು ಎಫ್‌ಆರ್‌ಆರ್ ಎಂಬ ಮುಕ್ತ ಸಾಫ್ಟ್‌ವೇರ್ ಇದೆ. 2017ರಲ್ಲಿ ಕ್ವಾಗಾ ಎಂಬ ಹಳೆಯ ಸಾಫ್ಟ್‌ವೇರ್‌ನಿಂದ ಕವಲೊಡೆದು ಬಂದದ್ದು. ಇನ್‌ಸ್ಟಾಲ್ ಮಾಡಿದ ಮೇಲೆ ಅದರ ಡೀಮನ್‌ಗಳ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ) ಫೈಲ್‌ನಲ್ಲಿ ಬಿಜಿಪಿಯನ್ನು ಆನ್ ಮಾಡಬೇಕು, ತಾನಾಗಿ ಆನ್ ಇರುವುದಿಲ್ಲ. ಕರ್ನಲ್‌ನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಇರಬೇಕು, ಇಲ್ಲದಿದ್ದರೆ ರೂಟ್ ಎಲ್ಲ ಸರಿಯಿದ್ದೂ ಪ್ಯಾಕೆಟ್ ಸರ್ವರ್‌ನಲ್ಲೇ ಸಾಯುತ್ತದೆ. ಸರ್ವರ್‌ನ ಫೈರ್‌ವಾಲ್‌ನಲ್ಲಿ ಟಿಸಿಪಿ ಪೋರ್ಟ್ 179 ಬಿಡಬೇಕು. ಆಮೇಲೆ ನೇಬರ್ ಯಾರು, ಅದರ ಎಎಸ್ ನಂಬರ್ ಏನು ಎಂದು ಹೇಳಿದರೆ ಸೆಷನ್ ಏಳುತ್ತದೆ.

ಇಲ್ಲಿಂದ ಮುಂದೆ ನಿಧಾನವಾಗಿ ಹೋಗಬೇಕು. ಸಬ್‌ನೆಟ್‌ಗಳನ್ನು ಬಿಜಿಪಿಗೆ ಕೊಡಲು ಎರಡು ದಾರಿಗಳಿವೆ. ಒಂದು, ನೆಟ್‌ವರ್ಕ್ ಎಂಬ ಸಾಲಿನಲ್ಲಿ ಒಂದೊಂದೇ ಸಬ್‌ನೆಟ್ ಹೆಸರಿಸುವುದು. ಇನ್ನೊಂದು, ರೀಡಿಸ್ಟ್ರಿಬ್ಯೂಟ್ ಕನೆಕ್ಟೆಡ್. "ನನಗೆ ನೇರವಾಗಿ ಅಂಟಿಕೊಂಡಿರುವ ಸಬ್‌ನೆಟ್‌ಗಳನ್ನೆಲ್ಲ ಹೇಳಿಬಿಡು" ಎಂದು ಅದರ ಅರ್ಥ. ಎರಡನೆಯದು ಎಷ್ಟು ಚೆನ್ನಾಗಿದೆ ನೋಡಿ: ಹೊಸ ಬ್ರಿಡ್ಜ್ ಹುಟ್ಟಿದ ಕ್ಷಣವೇ ಅದರ ಸಬ್‌ನೆಟ್ ತಾನಾಗಿ ಅಡ್ವರ್ಟೈಸ್ ಆಗುತ್ತದೆ, ಬ್ರಿಡ್ಜ್ ಹೋದರೆ ತಾನಾಗಿ ಹೋಗುತ್ತದೆ. ಕೈ ಹಾಕುವ ಕೆಲಸವೇ ಇಲ್ಲ.

ಆದರೆ ಆ "ಎಲ್ಲ"ದಲ್ಲಿ ಏನೇನು ಬರುತ್ತದೆ? ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಇನ್‌ಸ್ಟಾಲ್ ಮಾಡಿದರೆ ಸಾಮಾನ್ಯವಾಗಿ 192.168.122.0/24 ಎಂಬ ಡೀಫಾಲ್ಟ್ ನೆಟ್‌ವರ್ಕ್ ಬಂದು ಕೂರುತ್ತದೆ. ಕಂಟೇನರ್‌ಗಳನ್ನು ಓಡಿಸುವ ಡಾಕರ್ ಇದ್ದರೆ 172.17.0.0/16. ಈ ಎರಡೂ ಪ್ರತಿ ಸರ್ವರ್‌ನಲ್ಲೂ ಒಂದೇ. ಎರಡು ಸರ್ವರ್‌ಗಳೂ "192.168.122.0 ನನ್ನ ಹತ್ತಿರ ಇದೆ" ಎನ್ನುತ್ತವೆ. ಸರ್ವರ್‌ನ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್, ಸ್ಟೋರೇಜ್ ನೆಟ್‌ವರ್ಕ್, ಹೊರಗೆ ಯಾರಿಗೂ ಕಾಣಬಾರದು ಎಂದು ಬೇರೆ ಮಾಡಿಟ್ಟದ್ದು, ಅವೂ ಚಿತ್ರದುರ್ಗದವರೆಗೆ ಹೋಗಿ ಕೂರುತ್ತವೆ. ಮೊದಲು ಯಾವ ರೂಟರ್‌ಗೂ ದಾರಿ ಗೊತ್ತಿಲ್ಲದ ಕಾರಣಕ್ಕೆ ಸುರಕ್ಷಿತವಾಗಿದ್ದ ಸ್ಟೋರೇಜ್‌ಗೆ ಈಗ ದಾರಿ ನಾವೇ ಹಾಕಿಕೊಟ್ಟಂತಾಯಿತು.

ಹಾಗಾದರೆ ರೀಡಿಸ್ಟ್ರಿಬ್ಯೂಟ್ ಬಿಡಬೇಕೇ? ಬೇಡ. ಅದರ ಮುಂದೆ ಒಂದು ಜರಡಿ ಇಡಿ, ಅಂದರೆ ಪ್ರಿಫಿಕ್ಸ್ ಲಿಸ್ಟ್. 10.17.0.0/16 ಒಳಗಿನ, ಕನಿಷ್ಠ ಉದ್ದ 24, ಗರಿಷ್ಠ ಉದ್ದ 24 ಇರುವ ಪ್ರಿಫಿಕ್ಸ್‌ಗಳಿಗೆ ಮಾತ್ರ ಒಪ್ಪಿಗೆ. ಉಳಿದದ್ದಕ್ಕೆಲ್ಲ ಇಲ್ಲ. ಲಿಸ್ಟ್‌ನ ಕೊನೆಯಲ್ಲಿ ಕಾಣದಂತೆ ಒಂದು ನಿರಾಕರಣೆ ಇದ್ದೇ ಇರುತ್ತದೆ. ಉದ್ದ ಹೇಳದೆ ಬರೀ 10.17.0.0/16 ಎಂದು ಬರೆದರೆ ಅದು ನಿಖರವಾಗಿ ಆ ಒಂದು /16ಕ್ಕೆ ಮಾತ್ರ ಹೊಂದುತ್ತದೆ, ಅದರ ಒಳಗಿನ /24ಗಳಿಗಲ್ಲ. ಜರಡಿ ಇಟ್ಟ ಮೇಲೆ ಏನೂ ಹೋಗುತ್ತಿಲ್ಲ ಎಂದರೆ ಮೊದಲು ಇದನ್ನೇ ನೋಡಿ.

ಇನ್ನೊಂದು ವಿಷಯ ಹೊಸಬರನ್ನು ತುಂಬಾ ಗೊಂದಲಕ್ಕೆ ಹಾಕುತ್ತದೆ. ಸೆಷನ್ ಎದ್ದಿದೆ, ನೇಬರ್ ಮಾತಾಡುತ್ತಿದೆ, ಆದರೆ ಒಂದು ರೂಟೂ ಬರುತ್ತಿಲ್ಲ, ಹೋಗುತ್ತಿಲ್ಲ. ಎಫ್‌ಆರ್‌ಆರ್‌ನಲ್ಲಿ ಬಿಜಿಪಿ ಸಾರಾಂಶ ನೋಡಿದರೆ ಪ್ರಿಫಿಕ್ಸ್ ಸಂಖ್ಯೆ ಇರಬೇಕಾದ ಜಾಗದಲ್ಲಿ ಪಾಲಿಸಿ ಎಂಬ ಪದ ಕಾಣುತ್ತದೆ. 2017ರ ಆರ್‌ಎಫ್‌ಸಿ 8212ರ ಪ್ರಕಾರ, ಬೇರೆ ಎಎಸ್‌ನ ನೇಬರ್ ಜೊತೆ ಏನು ತಗೋಬೇಕು, ಏನು ಕೊಡಬೇಕು ಎಂದು ನೀವು ಬರೆಯುವವರೆಗೆ ಏನನ್ನೂ ತಗೋಬಾರದು, ಕೊಡಲೂಬಾರದು. ಹೊಸ ಎಫ್‌ಆರ್‌ಆರ್ ಇದನ್ನು ಪಾಲಿಸುತ್ತದೆ. ಈ ತಡೆಯನ್ನು ಆಫ್ ಮಾಡುವ ಒಂದು ಸಾಲು ಹುಡುಕಿದರೆ ಕೂಡಲೇ ಸಿಗುತ್ತದೆ, ಬಹಳ ಜನ ಅದನ್ನೇ ಹಾಕಿ ಮುಂದೆ ಹೋಗುತ್ತಾರೆ. ದಯವಿಟ್ಟು ಹಾಕಬೇಡಿ. ಆ ತಡೆ ಕೇಳುತ್ತಿರುವುದು ಹೇಗೂ ನೀವು ಬರೆಯಲೇಬೇಕಾದ ಜರಡಿಯನ್ನು. ಬರೆಯಿರಿ, ತಾನಾಗಿ ಸರಿಹೋಗುತ್ತದೆ.

ದೊಡ್ಡ ತುಂಡಿನಲ್ಲಿ ಅಡಗಿರುವ ಲೂಪ್

ಕ್ಯಾಂಪಸ್ ಒಳಗೆ /24ಗಳು ಓಡಾಡಲಿ. ಆದರೆ ಚಿತ್ರದುರ್ಗದ ರೂಟರ್ ದಾವಣಗೆರೆಗೆ ಹೇಳುವಾಗ ಒಂದೇ ಮಾತು ಸಾಕು: 10.16.0.0/16 ನನ್ನದು. ಚಿತ್ರದುರ್ಗದಲ್ಲಿ ಲ್ಯಾಬ್‌ನ ಸಬ್‌ನೆಟ್ ಹತ್ತು ಸಲ ಹುಟ್ಟಿ ಹತ್ತು ಸಲ ಹೋದರೂ ದಾವಣಗೆರೆಗೆ ಅದರ ಸದ್ದು ಕೇಳುವುದಿಲ್ಲ. ಟೇಬಲ್ ಚಿಕ್ಕದು, ನೆಮ್ಮದಿ ಜಾಸ್ತಿ.

ಆದರೆ ಈಗ ಚಿತ್ರದುರ್ಗ ಪೂರ್ತಿ /16ಕ್ಕೆ ಮಾತು ಕೊಟ್ಟಿದೆ, ಅದರ ಹತ್ತಿರ ನಿಜವಾಗಿ ಇರುವುದು ಹತ್ತೋ ಹನ್ನೆರಡೋ ಸಬ್‌ನೆಟ್. ದಾವಣಗೆರೆಯ ಯಾವುದೋ ಕಂಪ್ಯೂಟರ್ 10.16.200.9ಕ್ಕೆ ಒಂದು ಪ್ಯಾಕೆಟ್ ಕಳಿಸಿತು ಅಂದುಕೊಳ್ಳಿ. ಅಂಥ ಸಬ್‌ನೆಟ್ ಇಲ್ಲ. ದಾವಣಗೆರೆ ರೂಟರ್ /16 ನೋಡಿ ಲೀಸ್ಡ್ ಲೈನ್ ಮೇಲೆ ಚಿತ್ರದುರ್ಗಕ್ಕೆ ಕಳಿಸಿತು. ಚಿತ್ರದುರ್ಗದ ರೂಟರ್ ಹುಡುಕಿತು, ಆ /24 ಇಲ್ಲ. ಆದರೆ ಡೀಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದನ್ನೆಲ್ಲ ಕಳಿಸುವ ದಾರಿ) ಇದೆ. ಇಂಟರ್ನೆಟ್ ದಾವಣಗೆರೆಯಲ್ಲಿರುವುದರಿಂದ ಡೀಫಾಲ್ಟ್ ಅತ್ತ ಕಡೆಗೇ. ವಾಪಸ್ ಕಳಿಸಿತು. ದಾವಣಗೆರೆ ಮತ್ತೆ ಚಿತ್ರದುರ್ಗಕ್ಕೆ. ಪ್ಯಾಕೆಟ್‌ನ ಟಿಟಿಎಲ್ (ಪ್ರತಿ ರೂಟರ್‌ನಲ್ಲೂ ಒಂದೊಂದು ಕಡಿಮೆಯಾಗುವ ಎಣಿಕೆ) ಸೊನ್ನೆ ಆಗುವವರೆಗೆ ಇದೇ ಆಟ. ಲಿನಕ್ಸ್‌ನಲ್ಲಿ ಟಿಟಿಎಲ್ 64ರಿಂದ ಶುರು. ಅಂದರೆ ಒಂದು ಪ್ಯಾಕೆಟ್ ಅದೇ ಲೈನ್ ಮೇಲೆ ಅರವತ್ತಕ್ಕೂ ಹೆಚ್ಚು ಸಲ ಓಡಾಡುತ್ತದೆ. ವೈರಸ್ ಹೊಕ್ಕ ಒಂದು ಕಂಪ್ಯೂಟರ್ ಇಡೀ /16 ಸ್ಕ್ಯಾನ್ ಮಾಡಲು ಶುರು ಮಾಡಿದರೆ ಲೈನ್ ಕಟ್ಟಿಕೊಳ್ಳುತ್ತದೆ.

ಪರಿಹಾರ ಒಂದೇ ಸಾಲು. ಚಿತ್ರದುರ್ಗದ ರೂಟರ್‌ನಲ್ಲಿ 10.16.0.0/16ಕ್ಕೆ ಒಂದು ಬ್ಲ್ಯಾಕ್‌ಹೋಲ್ ರೂಟ್ ಬರೆಯುವುದು, ಅಂದರೆ ಬಂದ ಪ್ಯಾಕೆಟ್ಟನ್ನು ಅಲ್ಲೇ ಬಿಸಾಕು ಎಂದು ಹೇಳುವುದು. ಭಯ ಬೇಡ, ಇದರಿಂದ ಇರುವ ಸಬ್‌ನೆಟ್‌ಗಳಿಗೆ ತೊಂದರೆಯಿಲ್ಲ. ರೂಟರ್ ಯಾವತ್ತೂ ಹೆಚ್ಚು ಉದ್ದದ ಪ್ರಿಫಿಕ್ಸನ್ನೇ ಆರಿಸುತ್ತದೆ. 10.16.5.0/24 ಇದ್ದರೆ ಅದಕ್ಕೆ ಹೋಗುತ್ತದೆ, ಯಾವ /24ಗೂ ಸೇರದ್ದು ಮಾತ್ರ /16ಕ್ಕೆ ಬಂದು ಅಲ್ಲೇ ಮುಗಿಯುತ್ತದೆ, ಡೀಫಾಲ್ಟ್‌ವರೆಗೆ ಹೋಗುವುದಿಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ. ನೆಟ್‌ವರ್ಕ್ ಸಾಲಿನಲ್ಲಿ ಬರೆದ ಪ್ರಿಫಿಕ್ಸ್ ತನ್ನದೇ ರೂಟಿಂಗ್ ಟೇಬಲ್‌ನಲ್ಲಿ ಅದೇ ಉದ್ದದಲ್ಲಿ ಇದ್ದರೆ ಮಾತ್ರ ಬಿಜಿಪಿ ಅದನ್ನು ಅಡ್ವರ್ಟೈಸ್ ಮಾಡುತ್ತದೆ. ಬ್ಲ್ಯಾಕ್‌ಹೋಲ್ ರೂಟ್ ಆ ಷರತ್ತನ್ನೂ ಪೂರೈಸುತ್ತದೆ.

ಓಪನ್‌ಸ್ಟ್ಯಾಕ್‌ನಲ್ಲಿ

ಸರ್ವರ್ ಸಂಖ್ಯೆ ಜಾಸ್ತಿಯಾಗಿ ಓಪನ್‌ಸ್ಟ್ಯಾಕ್ (ಸ್ವಂತ ಕ್ಲೌಡ್ ಕಟ್ಟುವ ಮುಕ್ತ ಸಾಫ್ಟ್‌ವೇರ್) ಹಾಕಿದವರಿಗೆ ಈ ಕೆಲಸದ ಒಂದು ಭಾಗ ಸಿದ್ಧವಾಗಿಯೇ ಸಿಗುತ್ತದೆ. ಅದರ ನೆಟ್‌ವರ್ಕ್ ವಿಭಾಗ ನ್ಯೂಟ್ರಾನ್‌ಗೆ 2016ರ ಮಿಟಾಕಾ ಆವೃತ್ತಿಯಲ್ಲಿ ಬಿಜಿಪಿ ಡೈನಾಮಿಕ್ ರೂಟಿಂಗ್ ಬಂತು. ಬಿಜಿಪಿ ಸ್ಪೀಕರ್ ಎಂದು ಒಂದನ್ನು ಸೃಷ್ಟಿಸಿ ಅದಕ್ಕೆ ನಿಮ್ಮ ಎಎಸ್ ನಂಬರ್ ಕೊಡುತ್ತೀರಿ. ಬಿಜಿಪಿ ಪಿಯರ್ ಎಂದು ಕ್ಯಾಂಪಸ್ ರೂಟರ್‌ನ ವಿವರ ಕೊಡುತ್ತೀರಿ. ಸ್ಪೀಕರ್‌ಗೆ ಪಿಯರ್ ಸೇರಿಸಿ, ಹೊರಗಿನ ನೆಟ್‌ವರ್ಕ್ ಸೇರಿಸಿ, ಡೈನಾಮಿಕ್ ರೂಟಿಂಗ್ ಏಜೆಂಟ್‌ಗೆ ಒಪ್ಪಿಸಿದರೆ ಮುಗಿಯಿತು. ಆಮೇಲೆ ಬಳಕೆದಾರರು ಸಬ್‌ನೆಟ್ ಮಾಡಿ ರೂಟರ್‌ಗೆ ಸೇರಿಸಿದ ಕೂಡಲೇ ಅದು ಹೊರಗೆ ಅಡ್ವರ್ಟೈಸ್ ಆಗುತ್ತದೆ. ನೆಕ್ಸ್ಟ್ ಹಾಪ್, ಅಂದರೆ ಪ್ಯಾಕೆಟ್ಟನ್ನು ಮುಂದೆ ಯಾರಿಗೆ ಕೊಡಬೇಕೋ ಆ ವಿಳಾಸ, ಇಲ್ಲಿ ಆ ವರ್ಚುವಲ್ ರೂಟರ್‌ನ ಹೊರಗಿನ ಐಪಿ. ಫ್ಲೋಟಿಂಗ್ ಐಪಿಗಳು (ವಿಎಂ ಅನ್ನು ಹೊರಗಿನಿಂದ ತಲುಪಲು ಕೊಡುವ ವಿಳಾಸಗಳು) ಒಂದೊಂದೂ /32, ಅಂದರೆ ಒಂದೇ ವಿಳಾಸದ ಪ್ರಿಫಿಕ್ಸ್, ಆಗಿ ಹೋಗುತ್ತವೆ.

ಇಲ್ಲಿ ಎಲ್ಲರೂ ಎಡವುವ ಕಲ್ಲು ಅಡ್ರೆಸ್ ಸ್ಕೋಪ್. ಬಳಕೆದಾರರ ಸಬ್‌ನೆಟ್ಟೂ ಹೊರಗಿನ ನೆಟ್‌ವರ್ಕ್‌ನ ಸಬ್‌ನೆಟ್ಟೂ ಒಂದೇ ಅಡ್ರೆಸ್ ಸ್ಕೋಪ್‌ಗೆ ಸೇರಿದ ಸಬ್‌ನೆಟ್ ಪೂಲ್‌ಗಳಿಂದ ಬಂದಿರಬೇಕು. ಇಲ್ಲದಿದ್ದರೆ ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ, ಸುಮ್ನೆ ಅಡ್ವರ್ಟೈಸ್ ಆಗುವುದಿಲ್ಲ. ಈ ನಿಯಮ ಕಿರಿಕಿರಿ ಅನಿಸಬಹುದು, ಆದರೆ ಇದರ ಹಿಂದಿನ ಯೋಚನೆ ನನಗೆ ತುಂಬಾ ಇಷ್ಟ. ಒಂದು ಸ್ಕೋಪ್ ಒಳಗೆ ಎರಡು ಸಬ್‌ನೆಟ್‌ಗಳು ಒಂದರ ಮೇಲೊಂದು ಬೀಳಲು ಓಪನ್‌ಸ್ಟ್ಯಾಕ್ ಬಿಡುವುದಿಲ್ಲ. ಅಂದರೆ ಹೊರಗೆ ಹೇಳುವ ಪ್ರತಿ ವಿಳಾಸವೂ ಒಬ್ಬರದ್ದೇ ಎಂಬುದು ಖಾತ್ರಿ. ಇಬ್ಬರು ವಿದ್ಯಾರ್ಥಿಗಳು ತಮ್ಮ ತಮ್ಮ ಪ್ರಾಜೆಕ್ಟ್‌ನಲ್ಲಿ 192.168.1.0 ಮಾಡಿಕೊಂಡರೆ ಅವು ಸ್ಕೋಪ್ ಹೊರಗಿರುವುದರಿಂದ ಹೊರಗೆ ಹೋಗುವುದೇ ಇಲ್ಲ. ಸ್ಕೋಪ್ ಒಂದೇ ಆದಾಗ ನ್ಯಾಟ್ ಕೂಡ ಇರುವುದಿಲ್ಲ, ಪ್ಯಾಕೆಟ್ ತನ್ನ ನಿಜವಾದ ವಿಳಾಸದಲ್ಲೇ ಹೋಗುತ್ತದೆ.

ಎರಡು ಮಿತಿಗಳು ತಿಳಿದಿರಲಿ. ಈ ಏಜೆಂಟ್ ಹೇಳುತ್ತದೆ, ಕೇಳುವುದಿಲ್ಲ. ಹೊರಗಿನಿಂದ ಬರುವ ರೂಟ್‌ಗಳನ್ನು ಅದು ಕಲಿಯುವುದಿಲ್ಲ, ವರ್ಚುವಲ್ ರೂಟರ್‌ಗಳು ಡೀಫಾಲ್ಟ್ ಗೇಟ್‌ವೇ ಮೇಲೆಯೇ ನಡೆಯುತ್ತವೆ. ಇನ್ನೊಂದು, ಪ್ಯಾಕೆಟ್‌ಗಳು ಏಜೆಂಟ್ ಮೂಲಕ ಹಾದುಹೋಗುವುದಿಲ್ಲ. ಹಾಗಾಗಿ ವಿಎಂಗಳು, ರೂಟರ್‌ಗಳು ಎಲ್ಲ ಗಟ್ಟಿಯಾಗಿದ್ದು ಏಜೆಂಟ್ ಮಾತ್ರ ಸತ್ತರೂ ಹೊರಗಿನ ರೂಟರ್ ಆ ರೂಟ್‌ಗಳನ್ನು ತೆಗೆದುಹಾಕುತ್ತದೆ, ಸೇವೆ ನಿಲ್ಲುತ್ತದೆ. ಒಂದೇ ಸ್ಪೀಕರನ್ನು ಎರಡು ಏಜೆಂಟ್‌ಗಳಿಗೆ ಒಪ್ಪಿಸಿ, ಎರಡನ್ನೂ ಬೇರೆ ಬೇರೆ ಸರ್ವರ್‌ನಲ್ಲಿಡಿ.

ಸಾರ್ವಜನಿಕ ಕ್ಲೌಡ್‌ಗಳಲ್ಲೂ ಪ್ರಶ್ನೆ ಇದೇ, ಹೆಸರು ಬೇರೆ. ಗೂಗಲ್ ಕ್ಲೌಡ್‌ನಲ್ಲಿ ಡೈನಾಮಿಕ್ ರೂಟಿಂಗ್ ರೀಜನಲ್ ಎಂದಿದ್ದರೆ ಮುಂಬೈಯಲ್ಲಿರುವ ಕ್ಲೌಡ್ ರೂಟರ್ ಮುಂಬೈ ಸಬ್‌ನೆಟ್‌ಗಳನ್ನು ಮಾತ್ರ ಹೇಳುತ್ತದೆ. ದೆಹಲಿಯದ್ದೂ ಬೇಕೆಂದರೆ ಗ್ಲೋಬಲ್ ಮಾಡಬೇಕು. ಅಡ್ವರ್ಟೈಸ್‌ಮೆಂಟನ್ನು ಕಸ್ಟಮ್ ಎಂದು ಬದಲಿಸಿ ಸಬ್‌ನೆಟ್‌ಗಳ ಆಯ್ಕೆಗೆ ಟಿಕ್ ಹಾಕದಿದ್ದರೆ, ಅದುವರೆಗೆ ಹೋಗುತ್ತಿದ್ದ ಸಬ್‌ನೆಟ್‌ಗಳೂ ನಿಂತುಹೋಗುತ್ತವೆ.

ಬರುವುದನ್ನೂ ಸೋಸಿ

ಇಷ್ಟು ಹೊತ್ತು ಹೇಳುವವರ ಬಗ್ಗೆ ಮಾತಾಡಿದೆವು. ಕೇಳುವವರ ಜವಾಬ್ದಾರಿ ಇದಕ್ಕಿಂತ ದೊಡ್ಡದು. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು 208.65.153.0/24 ಎಂಬ ರೂಟ್ ಹಾಕಿತು. ಅದು ಒಳಗೇ ಉಳಿಯಬೇಕಿತ್ತು, ಹೊರಗೆ ಹೋಯಿತು. ಅದರ ಮೇಲಿನ ಕಂಪನಿ ಪಿಸಿಸಿಡಬ್ಲ್ಯು ಸೋಸದೆ ಜಗತ್ತಿಗೆಲ್ಲ ದಾಟಿಸಿತು. ಯೂಟ್ಯೂಬ್ ಹೇಳುತ್ತಿದ್ದದ್ದು /22. ಅದಕ್ಕಿಂತ ಉದ್ದದ /24 ಬಂದಾಗ ರೂಟರ್‌ಗಳು ಅದನ್ನೇ ಆರಿಸಿಕೊಂಡವು. ಎರಡು ಗಂಟೆಗೂ ಹೆಚ್ಚು ಕಾಲ ಯೂಟ್ಯೂಬ್‌ಗೆ ಹೋಗಬೇಕಾದ ಟ್ರಾಫಿಕ್ ಬೇರೆಲ್ಲೋ ಹೋಯಿತು.

ನಮ್ಮ ಕ್ಯಾಂಪಸ್‌ನಲ್ಲೂ ಇದೇ ಆಗಬಹುದು. ಲ್ಯಾಬ್ ಸರ್ವರ್ ಒಂದು 10.16.5.0/25 ಎಂದು ಹೇಳಿದರೆ ಚಿತ್ರದುರ್ಗದ ಪರೀಕ್ಷಾ ವಿಭಾಗದ ಅರ್ಧ ಟ್ರಾಫಿಕ್ ದಾವಣಗೆರೆಯ ಲ್ಯಾಬ್‌ಗೆ ತಿರುಗುತ್ತದೆ. 0.0.0.0/0 ಎಂದು ಹೇಳಿದರೆ ಇಂಟರ್ನೆಟ್ ಟ್ರಾಫಿಕ್ಕೇ ಅತ್ತ ತಿರುಗಬಹುದು. ಆದ್ದರಿಂದ ಕ್ಯಾಂಪಸ್ ರೂಟರ್‌ನಲ್ಲಿ ಪ್ರತಿ ಸರ್ವರ್‌ಗೂ ಒಳಬರುವ ಜರಡಿ ಇರಲೇಬೇಕು. ದಾವಣಗೆರೆಯ ಸರ್ವರ್‌ನಿಂದ 10.17 ಒಳಗಿನ /24 ಮಾತ್ರ. ಇದರ ಮೇಲೆ ಗರಿಷ್ಠ ಪ್ರಿಫಿಕ್ಸ್ ಮಿತಿಯನ್ನೂ ಹಾಕಿ. ಇಪ್ಪತ್ತು ಸಬ್‌ನೆಟ್ ಇರುವ ಸರ್ವರ್‌ನಿಂದ ನೂರು ಬಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಹೊರಹೋಗುವ ಜರಡಿ ಸರ್ವರ್‌ನಲ್ಲಿ ಇದೆಯಲ್ಲ, ಮತ್ತೆ ಇದೇಕೆ ಅಂತ ಕೇಳಬಹುದು. ಆ ಜರಡಿಯನ್ನು ಸರ್ವರ್‌ನ ಪಾಸ್‌ವರ್ಡ್ ಇರುವ ಯಾರು ಬೇಕಾದರೂ ತೆಗೆಯಬಹುದು.

ಕೊಟ್ಟ ಮಾತನ್ನು ವಾಪಸ್ ತಗೊಳ್ಳುವುದರ ಬಗ್ಗೆಯೂ ಯೋಚಿಸಬೇಕು. ಎಫ್‌ಆರ್‌ಆರ್‌ನ ಸಾಂಪ್ರದಾಯಿಕ ಸೆಟ್ಟಿಂಗ್‌ನಲ್ಲಿ ಹೋಲ್ಡ್ ಟೈಮ್, ಅಂದರೆ ನೇಬರ್‌ನ ಸದ್ದಿಲ್ಲದಿದ್ದರೂ ಕಾಯುವ ಸಮಯ, 180 ಸೆಕೆಂಡ್. ಲಿಂಕ್ ಡೌನ್ ಎಂದು ತೋರಿಸದೆ ಸರ್ವರ್ ನಿಂತುಹೋದರೆ ಮೂರು ನಿಮಿಷ ಪ್ಯಾಕೆಟ್‌ಗಳು ಗೋಡೆಗೆ ಬಡಿಯುತ್ತಿರುತ್ತವೆ. ಎದುರಿನವರು ಬದುಕಿದ್ದಾರೆಯೇ ಎಂದು ಬೇಗ ಬೇಗ ನೋಡುವ ಬಿಎಫ್‌ಡಿ ಹಾಕಿದರೆ, 300 ಮಿಲಿಸೆಕೆಂಡ್‌ಗೊಂದರಂತೆ ಮೂರು ಸಂದೇಶ ತಪ್ಪಿದರೆ, ಒಂದು ಸೆಕೆಂಡಿನೊಳಗೆ ಗೊತ್ತಾಗುತ್ತದೆ. ಅತಿಯಾಗಿ ಚುರುಕು ಮಾಡುವುದೂ ಒಳ್ಳೆಯದಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನ ಒಳಗಿನ ಬ್ಯಾಕ್‌ಬೋನ್ ಬಿದ್ದಾಗ, ಅದರ ಡಿಎನ್‌ಎಸ್ (ಹೆಸರಿಗೆ ತಕ್ಕ ಐಪಿ ವಿಳಾಸ ಹೇಳುವ) ಸರ್ವರ್‌ಗಳು ಡೇಟಾ ಸೆಂಟರ್ ಕಾಣದೆ ತಮ್ಮ ಬಿಜಿಪಿ ಅಡ್ವರ್ಟೈಸ್‌ಮೆಂಟ್‌ಗಳನ್ನು ತಾವೇ ವಾಪಸ್ ತಗೊಂಡವು. ನಿಯಮದ ಪ್ರಕಾರವೇ ನಡೆದವು. ಆದರೆ ಎಲ್ಲವೂ ಒಟ್ಟಿಗೇ ಹಾಗೆ ಮಾಡಿದ್ದರಿಂದ ಸುಮಾರು ಆರು ಗಂಟೆ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಇರಲಿಲ್ಲ. ಲೀಸ್ಡ್ ಲೈನ್ ಆಗಾಗ ಒಂದೆರಡು ಸೆಕೆಂಡ್ ತಡವರಿಸುವ ನಮ್ಮಂಥ ಕಡೆ ಊರು ಊರಿನ ನಡುವಿನ ಸೆಷನ್‌ಗೆ ನಿಧಾನದ ಟೈಮರ್, ಒಂದೇ ಕೋಣೆಯ ಸರ್ವರ್‌ಗಳಿಗೆ ಚುರುಕಿನದು ಇರಲಿ.

ಕೆಲಸ ಮಾಡದಿದ್ದಾಗ

ಪಿಂಗ್ ಮಾಡುತ್ತಾ ಕೂರಬೇಡಿ, ರೂಟ್ ನಡೆದುಬಂದ ದಾರಿಯಲ್ಲೇ ನಡೆಯಿರಿ. ಸೆಷನ್ ಎದ್ದಿದೆಯೇ? ಸರ್ವರ್ ಆ ಸಬ್‌ನೆಟ್ಟನ್ನು ಆ ನೇಬರ್‌ಗೆ ಕಳಿಸಿದೆಯೇ? ನೇಬರ್‌ನ ಬಿಜಿಪಿ ಟೇಬಲ್‌ಗೆ ಬಂದಿದೆಯೇ? ಬಂದದ್ದು ರೂಟಿಂಗ್ ಟೇಬಲ್‌ಗೆ ಇಳಿದಿದೆಯೇ? ನೆಕ್ಸ್ಟ್ ಹಾಪ್ ಅಲ್ಲಿಂದ ಮುಟ್ಟುತ್ತದೆಯೇ? ಎಲ್ಲಿ "ಇಲ್ಲ" ಎಂಬ ಉತ್ತರ ಬರುತ್ತದೋ ತೊಂದರೆ ಅಲ್ಲಿಯೇ ಇದೆ. ಎಲ್ಲ ಸರಿಯಿದ್ದರೆ ಇದೇ ಪ್ರಶ್ನೆಗಳನ್ನು ವಾಪಸ್ ದಾರಿಗೂ ಕೇಳಿ. ಹೋದ ಪ್ಯಾಕೆಟ್ ಬೇರೆ ಲಿಂಕ್‌ನಲ್ಲಿ ವಾಪಸ್ ಬಂದರೆ ಲಿನಕ್ಸ್‌ನ ರಿವರ್ಸ್ ಪಾತ್ ಫಿಲ್ಟರ್, ಕಟ್ಟುನಿಟ್ಟಾಗಿದ್ದರೆ, ಅದನ್ನು ಸದ್ದಿಲ್ಲದೆ ಬಿಸಾಕುತ್ತದೆ. ಪಿಂಗ್ ಆಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಮಾತ್ರ ಬರುವುದಿಲ್ಲ ಎಂದರೆ ರೂಟಿಂಗ್ ಬಿಡಿ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಅಳತೆ) ನೋಡಿ. ವಿಎಕ್ಸ್‌ಲ್ಯಾನ್ (ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಇಟ್ಟು ಕಳಿಸುವ ವಿಧಾನ) ಇದ್ದರೆ ಪ್ರತಿ ಪ್ಯಾಕೆಟ್‌ಗೆ 50 ಬೈಟ್ ಹೆಚ್ಚುವರಿ ಹೊರೆ, ವಿಎಂ ಒಳಗೆ 1500ರ ಬದಲು 1450 ಇರಬೇಕು.

ಎಲ್ಲ ನಡೆಯುತ್ತಿದೆ ಎಂದು ಅನಿಸಿದ ಮೇಲೆ ಎರಡು ಪರೀಕ್ಷೆ ಮಾಡಿ. ಬೇಡದ ಒಂದು ಸಬ್‌ನೆಟ್, 172.30.0.0/24 ಎಂದಿಟ್ಟುಕೊಳ್ಳಿ, ಬೇಕೆಂದೇ ದಾವಣಗೆರೆಯ ಸರ್ವರ್‌ನಲ್ಲಿ ಹುಟ್ಟಿಸಿ. ಅದು ಕ್ಯಾಂಪಸ್ ರೂಟರ್‌ನಲ್ಲಿ ಕಾಣಬಾರದು. ಆಮೇಲೆ ಸರಿಯಾದ ಒಂದು ಸಬ್‌ನೆಟ್, 10.17.99.0/24, ಹುಟ್ಟಿಸಿ. ಅದು ಕಾಣಬೇಕು, ಚಿತ್ರದುರ್ಗದಿಂದ ಅದರ ವಿಎಂಗೆ ಪಿಂಗ್ ಆಗಬೇಕು. ನಂತರ ಅದರ ಬ್ರಿಡ್ಜನ್ನು ಅಳಿಸಿ, ಕ್ಯಾಂಪಸ್ ರೂಟರ್‌ನ ಟೇಬಲ್‌ನಿಂದ ಆ ಸಾಲು ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಹುಟ್ಟಿದ್ದನ್ನು ಎಲ್ಲರೂ ನೋಡುತ್ತಾರೆ, ಹೋದದ್ದನ್ನು ಪರೀಕ್ಷಿಸುವವರು ಕಡಿಮೆ. ಎರಡೂ ಸರಿಯಿದ್ದರೆ ಕಾನ್ಫಿಗ್ ಸೇವ್ ಮಾಡಿ, ಒಮ್ಮೆ ಸರ್ವರ್ ರೀಬೂಟ್ ಮಾಡಿ, ಎಲ್ಲ ತಾನಾಗಿ ವಾಪಸ್ ಬರುತ್ತದೆಯೇ ನೋಡಿ. ಅದಾದ ಮೇಲೆಯೇ ಹಳೆಯ ಸ್ಟ್ಯಾಟಿಕ್ ರೂಟ್‌ಗಳನ್ನು ಒಂದೊಂದಾಗಿ ತೆಗೆಯಿರಿ.